ಕೊಟ್ಟೆಯೊಳಗೆ ಕೂತ ವೈರಸ್

(ಶಿರಸಿಯಲ್ಲಿ ಊರಿನ ಓದುಗ ಗೆಳೆಯರು ಸೇರಿಸಿದ್ದ ಸಭೆಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಬೋರ್ಡಿನ ಮೇಲೆ ಬಿಡಿಸಿದ್ದ ಚಿತ್ರಗಳನ್ನು ಮಾತಿಗೆ ಇಳಿಸಿದ್ದೇನೆ. ಕೊನೆಯ ಪ್ರಶ್ನೆಗಳನ್ನು ನೆನಪಿದ್ದಷ್ಟು ಬರೆದಿದ್ದೇನೆ.)

ನಮಸ್ಕಾರ. ಒಬ್ಬೊಬ್ಬರ ಹೆಸರು ಹಿಡಿದು ವಂದನೆ ಹೇಳುತ್ತ ಕೂತರೆ ಹಿಂದುಗಡೆ ಕಾಯಿಸಿಟ್ಟ ಕಷಾಯ ಆರಿಹೋಗುತ್ತದೆ. ನೇರ ವಿಷಯಕ್ಕೆ ಬರುತ್ತೇನೆ.

2020ರ ಮಾರ್ಚ್ ನಿಮಗೆಲ್ಲ ನೆನಪಿದೆ. ಮಾರಿಜಾತ್ರೆ ಮುಗಿದು, ಅಂಗಡಿ ಸಾಲು ಎದ್ದು, ಪೇಟೆ ಉಸಿರು ಬಿಡುವಷ್ಟರಲ್ಲಿ 25ನೇ ತಾರೀಖಿನಿಂದ ಲಾಕ್‌ಡೌನ್ ಬಂತು. ಸಾಂಕ್ರಾಮಿಕ ಬಂದಾಗ ನೆನೆಯುವ ದೇವಿಯ ಊರು ಇದು, ರೋಗಕ್ಕೂ ದೇವಿಗೂ ಒಂದೇ ಹೆಸರು ಇಟ್ಟುಕೊಂಡವರು ನಾವು. ಆದರೆ ನಾನು ಇವತ್ತು ಶುರು ಮಾಡುವುದು ಅದರ ಮರುವರ್ಷದಿಂದ, 2021ರ ಮೇ ತಿಂಗಳಿಂದ.

ನನ್ನ ದೊಡ್ಡಪ್ಪನ ಮನೆ ಇಲ್ಲಿಂದ 15 ಕಿಲೋಮೀಟರ್ ದೂರ, ತೋಟದ ತಲೆಗೆ. ದೊಡ್ಡಪ್ಪನ ಮಕ್ಕಳು, ಅಣ್ಣ ತಮ್ಮ ಇಬ್ಬರೂ ಒಂದೇ ಸೂರಿನಡಿ ಇದ್ದವರು. ಒಂದೇ ವಾರದಲ್ಲಿ ಇಬ್ಬರಿಗೂ ಜ್ವರ ಬಂತು. ಅಣ್ಣನಿಗೆ ಮೂರು ದಿನ ಮೈಕೈ ನೋವು, ನಾಲ್ಕನೇ ದಿನ ಕೊಟ್ಟಿಗೆಗೆ ಹೋಗಿ ಹಾಲು ಕರೆದ. ಅವನಿಗಿಂತ ಐದು ವರ್ಷ ಚಿಕ್ಕವನು, ದಿನಾ ಗುಡ್ಡ ಹತ್ತಿ ಇಳಿಯುವವನು, ಎಂಟನೇ ದಿನ ಉಸಿರು ಸಿಕ್ಕದೆ ಆಸ್ಪತ್ರೆ ಸೇರಿದ. 11 ದಿನ ಆಮ್ಲಜನಕದ ಮೇಲಿದ್ದು ಬದುಕಿ ಬಂದ. ದೊಡ್ಡಮ್ಮ ನನಗೆ ಫೋನಿನಲ್ಲಿ ಕೇಳಿದ್ದು ಇಷ್ಟೇ: “ಒಂದೇ ಹಂಡೆ ನೀರು, ಒಂದೇ ಕಷಾಯ, ಒಂದೇ ವೈರಸ್ಸು. ಇವಂಗೆ ಎಂತಕ್ಕೆ ಹಿಂಗಾತು?”

ಜೀವಕೋಶದ ಒಳಗೆ ಏನು ನಡೆಯುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿ ಸಂಬಳ ತಗೊಳ್ಳುವವನು ನಾನು. ಆವತ್ತು ದೊಡ್ಡಮ್ಮನಿಗೆ ಸರಿಯಾದ ಉತ್ತರ ಕೊಡಲಿಲ್ಲ. “ಅವರವರ ಇಮ್ಯೂನಿಟಿ” ಅಂದು ಫೋನ್ ಇಟ್ಟೆ. ಇಮ್ಯೂನಿಟಿ ಅನ್ನುವುದು ಆ ಕಾಲದಲ್ಲಿ ಹಣೆಬರಹ ಅನ್ನುವ ಪದದ ಬದಲಿಗೆ ಬಂದದ್ದು. ಅರ್ಥ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಇವತ್ತಿನ ಮಾತು ಆ ಫೋನಿಗೆ ತಡವಾಗಿ ಕೊಡುತ್ತಿರುವ ಉತ್ತರ ಅಂದುಕೊಳ್ಳಿ.

ವೈರಸ್ಸನ್ನು ಶತ್ರು, ದೇಹವನ್ನು ಕೋಟೆ ಎಂದು ಹೇಳಿ ಹೇಳಿ ನಮಗೊಂದು ತಪ್ಪು ಚಿತ್ರ ಕೂತುಬಿಟ್ಟಿದೆ. ಕೊರೋನಾ ವೈರಸ್ ಹತ್ತಿರ ಇರುವುದು ಸುಮಾರು 29,900 ಅಕ್ಷರದ ಒಂದು ಆರ್‌ಎನ್‌ಎ ಎಳೆ. ನಮ್ಮ ಒಂದೊಂದು ಜೀವಕೋಶದಲ್ಲಿ ಇರುವುದು 300 ಕೋಟಿ ಜೋಡಿ ಅಕ್ಷರದ ಡಿಎನ್‌ಎ, ಅದೂ ಅಪ್ಪನದೊಂದು ಅಮ್ಮನದೊಂದು ಎಂದು ಎರಡು ಪ್ರತಿ. ಅಷ್ಟು ಸಣ್ಣ ಚೀಟಿ ಹಿಡಿದು ಬಂದವನು ಇಷ್ಟು ದೊಡ್ಡ ಮನೆಯನ್ನು ಯುದ್ಧ ಮಾಡಿ ಗೆಲ್ಲುವುದಿಲ್ಲ. ಅವನು ಕಾರುಭಾರ ಕೈಗೆ ತೆಗೆದುಕೊಳ್ಳುತ್ತಾನೆ. ಅದರಲ್ಲೂ ಎರಡು ಖಾತೆ ಅವನಿಗೆ ಬೇಕೇಬೇಕು: ಮನೆಯಲ್ಲಿ ಯಾವ ಪುಸ್ತಕ ಯಾವಾಗ ತೆರೆಯಬೇಕು ಎಂಬುದು ಒಂದು, ಮನೆಯ ಕಸ ಎಲ್ಲಿಗೆ ಹೋಗಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ವಂಶವಾಹಿ ನಿಯಂತ್ರಣ ಅನ್ನುತ್ತೇವೆ, ಎರಡನೆಯದನ್ನು ಆಟೋಫಜಿ.

ಮೊದಲು ಪುಸ್ತಕದ ಖಾತೆ. ಇಲ್ಲಿ ಯಕ್ಷಗಾನ ಗೊತ್ತಿಲ್ಲದವರು ಯಾರೂ ಇರಲಿಕ್ಕಿಲ್ಲ. ಪ್ರಸಂಗ ಪುಸ್ತಕದಲ್ಲಿ ಮುನ್ನೂರು ಪದ್ಯ ಇದ್ದರೂ ಕಾಲಮಿತಿ ಆಟದಲ್ಲಿ ಭಾಗವತರು ಎಲ್ಲವನ್ನೂ ಹಾಡುವುದಿಲ್ಲ. ಯಾವುದು ಎತ್ತಬೇಕು, ಯಾವುದು ಬಿಡಬೇಕು, ಯಾವುದನ್ನು ಎಳೆದು ಎಳೆದು ಹಾಡಬೇಕು ಎಂದು ರಂಗಸ್ಥಳ ನೋಡಿ ನಿರ್ಧಾರ ಮಾಡುತ್ತಾರೆ. ಪುಸ್ತಕ ಒಂದೇ, ಇವತ್ತಿನ ಆಟ ಬೇರೆ, ನಾಳೆಯ ಆಟ ಬೇರೆ. ನಿಮ್ಮ ಮೂಗಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಇರುವ ಡಿಎನ್‌ಎ ಪುಸ್ತಕ ಒಂದೇ, ಪ್ರೋಟೀನ್ ಮಾಡಿಸುವ ಪದ್ಯಗಳು, ಅಂದರೆ ಜೀನುಗಳು, ಸುಮಾರು 20,000. ಮೂಗು ಮೂಗಾಗಿರುವುದು, ಯಕೃತ್ತು ಯಕೃತ್ತಾಗಿರುವುದು ಅಲ್ಲಲ್ಲಿ ಕೂತ ಭಾಗವತರ ಆಯ್ಕೆಯಿಂದ. ಈ ಭಾಗವತರೂ ಪ್ರೋಟೀನುಗಳೇ. ಡಿಎನ್‌ಎ ಮೇಲೆ ಹೋಗಿ ಕೂತು “ಇದನ್ನು ಓದು, ಇದನ್ನು ಬಿಡು” ಎನ್ನುವವು.

ವೈರಸ್ಸಿಗೆ ಇದರಿಂದ ಏನು? ಒಳಗೆ ಬರಲು ಅದಕ್ಕೆ ಬಾಗಿಲು ಬೇಕು. ಎಸಿಇ2 ಎಂಬ ಪ್ರೋಟೀನು ಆ ಬಾಗಿಲು. ಟಿಎಂಪಿಆರ್‌ಎಸ್‌ಎಸ್2 ಎಂಬ ಕತ್ತರಿ ವೈರಸ್ಸಿನ ಮುಳ್ಳನ್ನು ಹದಕ್ಕೆ ಕತ್ತರಿಸಿಕೊಟ್ಟರೆ ಕೋಶದ ಹೊರಪೊರೆಯಲ್ಲೇ ನೇರ ಪ್ರವೇಶ. ಈ ಎರಡು ಪದ್ಯಗಳನ್ನು ಯಾವ ಕೋಶ ಎಷ್ಟು ಜೋರಾಗಿ ಹಾಡುತ್ತಿದೆ ಎನ್ನುವುದರ ಮೇಲೆ ಯಾವ ಕೋಶಕ್ಕೆ ಸೋಂಕು ತಗಲುತ್ತದೆ ಎನ್ನುವುದು ಬಹುಪಾಲು ನಿಂತಿದೆ. ಕತ್ತರಿ ಇಲ್ಲದ ಕಡೆ ವೈರಸ್ ಹಿತ್ತಿಲ ಬಾಗಿಲು ಹಿಡಿಯುತ್ತದೆ. ಕೋಶವೇ ಅದನ್ನು ಒಂದು ಚೀಲದಲ್ಲಿ ಒಳಗೆ ಎಳೆದುಕೊಳ್ಳುತ್ತದೆ, ಚೀಲದೊಳಗೆ ಹುಳಿ ಏರಿದಾಗ ಅಲ್ಲಿರುವ ಬೇರೆ ಕತ್ತರಿ ಕೆಲಸ ಮಾಡುತ್ತದೆ. 2021ರ ನವೆಂಬರಿನಲ್ಲಿ ಸುದ್ದಿಯಾದ ಒಮಿಕ್ರಾನ್ ಈ ಹಿತ್ತಿಲ ಬಾಗಿಲನ್ನೇ ಹೆಚ್ಚು ನೆಚ್ಚಿಕೊಂಡದ್ದು.

ಈ ಎರಡು ಬಾಗಿಲ ಸಂಗತಿ ಗೊತ್ತಿದ್ದರೆ, ಕೋವಿಡ್‌ಗೆ ಮದ್ದು ಎಂದು ಆಗ ಹೆಸರಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಕಥೆ ಅರ್ಥವಾಗುತ್ತದೆ. 2020ರ ಏಪ್ರಿಲ್‌ನಲ್ಲಿ ನಮ್ಮೂರಿನ ಔಷಧಿ ಅಂಗಡಿಯಲ್ಲಿ ಆ ಮಾತ್ರೆ ಖಾಲಿಯಾಗಿ, ಸಂಧಿವಾತಕ್ಕೆ ವರ್ಷಗಟ್ಟಲೆ ಅದನ್ನೇ ನುಂಗುತ್ತಿದ್ದ ನಮ್ಮ ಅತ್ತೆಗೆ ಸಿಗದೆ ಹೋಯಿತು. ಆ ಮಾತ್ರೆ ಮಾಡುವುದೇನೆಂದರೆ, ಕೋಶದ ಚೀಲಗಳೊಳಗಿನ ಹುಳಿ ತೆಗೆಯುತ್ತದೆ. ಪ್ರಯೋಗಾಲಯದಲ್ಲಿ ಮಂಗನ ಮೂತ್ರಪಿಂಡದ ಕೋಶಗಳ ಮೇಲೆ ಹಾಕಿದಾಗ ವೈರಸ್ ನಿಂತೇ ಹೋಯಿತು, ಎಲ್ಲರೂ ಕುಣಿದರು. ಆದರೆ ಆ ಕೋಶಗಳಲ್ಲಿ ಹೊರಗಿನ ಕತ್ತರಿ ಇಲ್ಲ, ವೈರಸ್ ಹಿತ್ತಿಲಿಂದಲೇ ಬರಬೇಕು. ಮನುಷ್ಯನ ಶ್ವಾಸಕೋಶದ ಕೋಶಗಳಲ್ಲಿ ಆ ಕತ್ತರಿ ಇದೆ. ಅಲ್ಲಿ ಮಾತ್ರೆ ಹಾಕಿದರೆ ವೈರಸ್ಸಿಗೆ ಏನೂ ಆಗಲಿಲ್ಲ. ಹಿತ್ತಿಲಿಗೆ ಅಗುಳಿ ಹಾಕಿ ಮುಂಬಾಗಿಲು ತೆರೆದಿಟ್ಟ ಹಾಗೆ. ಬ್ರಿಟನ್ನಿನಲ್ಲಿ ರಿಕವರಿ ಎಂಬ ಹೆಸರಿನಲ್ಲಿ ನಡೆದ ದೊಡ್ಡ ಔಷಧ ಪರೀಕ್ಷೆಯಲ್ಲಿ ಮಾತ್ರೆ ಕೊಟ್ಟ 1,561 ರೋಗಿಗಳಲ್ಲಿ 28 ದಿನದೊಳಗೆ ತೀರಿಕೊಂಡವರು ಶೇ 27, ಕೊಡದ 3,155 ಮಂದಿಯಲ್ಲಿ ಶೇ 25. ಒಂದು ಪದ್ಯ ಒಂದು ಕೋಶದಲ್ಲಿ ಹಾಡುತ್ತಿದೆಯೋ ಇಲ್ಲವೋ ಎಂದು ನೋಡದೆ ಹೋದದ್ದಕ್ಕೆ ಇಡೀ ಜಗತ್ತು ಮೂರು ತಿಂಗಳು ಓಡಾಡಿತು.

ಸರಿ, ವೈರಸ್ ಒಳಗೆ ಬಂತು. ಕೋಶ ಸುಮ್ಮನೆ ಕೂರುವುದಿಲ್ಲ. ಒಳಗೆ ಗುರುತಿಲ್ಲದ ಆರ್‌ಎನ್‌ಎ ಕಂಡ ಕೂಡಲೇ ಇಂಟರ್‌ಫೆರಾನ್ ಎಂಬ ಕೂಗು ಹೊರಗೆ ಬಿಡುತ್ತದೆ. ಅದು ಪಕ್ಕದ ಕೋಶಕ್ಕೆ ಮುಟ್ಟಿದರೆ ಅಲ್ಲಿನ ಭಾಗವತರು ನೂರಾರು ರಕ್ಷಣೆಯ ಪದ್ಯಗಳನ್ನು ಒಟ್ಟಿಗೇ ಎತ್ತುತ್ತಾರೆ. ಇಂಟರ್‌ಫೆರಾನ್ ಪತ್ತೆಯಾದದ್ದು 1957ರಲ್ಲಿ, ಲಂಡನ್ನಿನಲ್ಲಿ. ಅದೇ 1957ರಲ್ಲಿ ಇಲ್ಲಿಂದ ಬಹಳ ದೂರವಲ್ಲದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಮಂಗನ ಕಾಯಿಲೆ ಬೆಳಕಿಗೆ ಬಂತು. ಒಂದಕ್ಕೊಂದು ಸಂಬಂಧ ಇಲ್ಲ, ನನಗೆ ಯಾವಾಗಲೂ ನೆನಪಾಗುತ್ತದೆ, ಅಷ್ಟೇ. ಕೊನೆಗೆ ಆ ಕಾಯಿಲೆಯ ಮಾತು ಬೇರೆ ದಾರಿಯಲ್ಲಿ ಮತ್ತೆ ಬರುತ್ತದೆ.

ಈ ಕೂಗು ಹೊರಡದ ಹಾಗೆ, ಹೊರಟರೂ ಕೇಳಿಸದ ಹಾಗೆ ಮಾಡುವುದರಲ್ಲಿ ಕೊರೋನಾ ವೈರಸ್ ಪಳಗಿದ ಕಳ್ಳ. ಅದರ ಎನ್‌ಎಸ್‌ಪಿ1 ಎಂಬ ಪ್ರೋಟೀನು ರೈಬೋಸೋಮಿಗೆ, ಅಂದರೆ ಪದ್ಯದ ಚೀಟಿ ಓದಿ ಪ್ರೋಟೀನು ಹೆಣೆಯುವ ಯಂತ್ರಕ್ಕೆ, ಚೀಟಿ ತೂರಿಸುವ ಕಂಡಿಯಲ್ಲೇ ಬೂಚು ಜಡಿಯುತ್ತದೆ. ಕೋಶ ಎಷ್ಟೇ ಚೀಟಿ ಬರೆದು ಕಳಿಸಿದರೂ ಓದುವವರಿಲ್ಲ. ವೈರಸ್ಸಿನ ಸ್ವಂತ ಚೀಟಿಗಳ ತಲೆಯಲ್ಲಿ ಮಾತ್ರ ಒಂದು ಸಣ್ಣ ಮಡಿಕೆ ಇದೆ, ಅದು ಇದ್ದರೆ ಬೂಚು ದಾಟಿ ಒಳಗೆ ಹೋಗಬಹುದು. ಓಆರ್‌ಎಫ್6 ಇನ್ನೊಂದು. ಅದು ಕೋಶಕೇಂದ್ರದ ಬಾಗಿಲಲ್ಲಿ ಕಾಲು ಅಡ್ಡ ಹಾಕಿ ಕೂರುತ್ತದೆ. ಇಂಟರ್‌ಫೆರಾನ್ ಸುದ್ದಿ ಹೊತ್ತು ಒಳಗೆ ಓಡಬೇಕಾದ ದೂತ ಹೊರಗೇ ಉಳಿಯುತ್ತಾನೆ, ಚೌಕಿಯಲ್ಲಿ ವೇಷ ಕಟ್ಟಿ ತಯಾರಾದವನನ್ನು ರಂಗಕ್ಕೆ ಬಿಡದ ಹಾಗೆ. ಓಆರ್‌ಎಫ್8 ಅಂತೂ ಡಿಎನ್‌ಎ ಸುತ್ತಿಡುವ ಹಿಸ್ಟೋನ್ ಉರುಳೆಯ ಒಂದು ತುಂಡಿನ ಹಾಗೆ ವೇಷ ಹಾಕಿ, ಯಾವ ಪುಟ ತೆರೆದಿರಬೇಕು ಎಂಬ ಗುರುತುಗಳನ್ನೇ ಕಲಸಿಬಿಡುತ್ತದೆ ಎಂದು 2022ರಲ್ಲಿ ತೋರಿಸಿದರು.

ದೊಡ್ಡಮ್ಮನ ಪ್ರಶ್ನೆಯ ಹತ್ತಿರ ಬರುತ್ತಿದ್ದೇವೆ. ಕೂಗು ಬೇಗ ಎದ್ದವರಲ್ಲಿ ಸೋಂಕು ಮೂಗು ಗಂಟಲಲ್ಲೇ ಮುಗಿಯುತ್ತದೆ. ತಡವಾದವರಲ್ಲಿ ವೈರಸ್ ಕೆಳಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಕ್ಕಳ ಮೂಗಿನ ಕೋಶಗಳನ್ನು ನೋಡಿದಾಗ ಅವು ಸೋಂಕು ಬರುವ ಮೊದಲೇ ಈ ಪದ್ಯಗಳನ್ನು ಮೆಲುದನಿಯಲ್ಲಿ ಹಾಡಿಕೊಳ್ಳುತ್ತಿದ್ದವು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಎರಡು ದಿನ ನೆಗಡಿಯಾಗಿ ಹೋದದ್ದಕ್ಕೆ ಇದೂ ಒಂದು ಕಾರಣ. ಇನ್ನು ಕೆಲವರಲ್ಲಿ ಕೂಗು ಏಳುತ್ತದೆ, ಆದರೆ ಅವರದೇ ರಕ್ತದಲ್ಲಿರುವ ಪ್ರತಿಕಾಯಗಳು ಆ ಇಂಟರ್‌ಫೆರಾನನ್ನೇ ಹಿಡಿದು ಬಾಯಿ ಮುಚ್ಚಿಸುತ್ತವೆ. ಜೀವಕ್ಕೆ ಕುತ್ತು ಬಂದಿದ್ದ 987 ರೋಗಿಗಳನ್ನು ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ 101 ಮಂದಿಗೆ ಹೀಗಿತ್ತು. ಆ 101ರಲ್ಲಿ 95 ಗಂಡಸರು. ಗುಡ್ಡ ಹತ್ತುವ ಶಕ್ತಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ.

ಇನ್ನೊಂದು ಕಾರಣ ಹುಟ್ಟಿನಿಂದಲೇ ಬಂದದ್ದು. ಮೂರನೇ ವರ್ಣತಂತುವಿನಲ್ಲಿ ಸುಮಾರು 50,000 ಅಕ್ಷರದ ಒಂದು ತುಂಡು ಇದೆ. ಅದು ಇದ್ದವರಿಗೆ ಕೋವಿಡ್ ಜೋರಾಗುವ ಸಂಭವ ಹೆಚ್ಚು. ಈ ತುಂಡು ನಮಗೆ ನಿಯಾಂಡರ್ತಾಲರಿಂದ ಬಂದದ್ದು ಎಂದು 2020ರಲ್ಲಿ ತೋರಿಸಿದವರು ಹ್ಯೂಗೋ ಜೀಬರ್ಗ್ ಮತ್ತು ಸ್ವಾಂಟೆ ಪಾಬೊ. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಯುರೋಪಿನಲ್ಲಿ ಇದನ್ನು ಹೊತ್ತವರು ಶೇ 16, ದಕ್ಷಿಣ ಏಷ್ಯಾದಲ್ಲಿ ಶೇ 50ರಷ್ಟು. ಅಂದರೆ ಈ ಸಭೆಯಲ್ಲಿ ಕೂತ ಅರ್ಧಕ್ಕರ್ಧ ಜನರ ಹತ್ತಿರ ಇರಬಹುದು. ನನ್ನ ಹತ್ತಿರವೂ.

ನನಗೆ ಇದರಲ್ಲಿ ರುಚಿ ಅನ್ನಿಸಿದ್ದು ಮುಂದಿನ ಭಾಗ. ಆ ತುಂಡಿನಲ್ಲಿ ಕೆಟ್ಟದ್ದು ಏನು ಎಂದು ಆಕ್ಸ್‌ಫರ್ಡಿನವರು ಹುಡುಕಿಕೊಂಡು ಹೋದರು. 2021ರಲ್ಲಿ ಸಿಕ್ಕಿದ್ದು ಒಂದೇ ಒಂದು ಅಕ್ಷರದ ಬದಲು. ಅದು ಯಾವ ಪದ್ಯದ ಒಳಗೂ ಇಲ್ಲ, ಯಾವ ಪ್ರೋಟೀನೂ ಅದರಿಂದ ಹಾಳಾಗಿಲ್ಲ. ಅದು ಇರುವುದು ಭಾಗವತರು ಕೂರುವ ಜಾಗದಲ್ಲಿ, ಎನ್‌ಹ್ಯಾನ್ಸರ್ ಎನ್ನುತ್ತೇವೆ. ಡಿಎನ್‌ಎ ನೂಲು ಬಳುಕಿ ಬಂದು ದೂರದ ಎಲ್‌ಝಡ್‌ಟಿಎಫ್‌ಎಲ್1 ಎಂಬ ಜೀನನ್ನು ಮುಟ್ಟುತ್ತದೆ, ಆ ಪದ್ಯದ ಶ್ರುತಿ ಏರುತ್ತದೆ. ಅದು ಶ್ವಾಸಕೋಶದ ಒಳಪದರದ ಕೋಶಗಳು ಪೆಟ್ಟು ಬಿದ್ದಾಗ ರೂಪ ಬದಲಿಸಿಕೊಂಡು ತಡೆದುಕೊಳ್ಳುವ ಬಗೆಗೆ ಅಡ್ಡ ಬರುತ್ತದೆ ಎಂಬುದು ಅವರ ವಾದ. ಗಮನಿಸಿ, ಇಲ್ಲಿ ರೋಗನಿರೋಧಕ ಕೋಶಗಳ ಮಾತೇ ಇಲ್ಲ. ಇಮ್ಯೂನಿಟಿ ಎಂದು ನಾನು ಫೋನಿಟ್ಟದ್ದು ಎಷ್ಟು ತಪ್ಪು ಎಂದು ನನಗೆ ಗೊತ್ತಾದದ್ದು ಇದನ್ನು ಓದಿದ ದಿನ. ಹಾಗೆಂದು ನನ್ನ ತಮ್ಮನಿಗೆ ಹೀಗಾದದ್ದು ಆ ಅಕ್ಷರದಿಂದಲೇ ಎಂದೂ ಹೇಳುವ ಹಾಗಿಲ್ಲ. ಅದು ಸಾವಿರಾರು ಜನರ ಲೆಕ್ಕದಲ್ಲಿ ಕಾಣುವ ಸಂಭವ. ಅಣ್ಣನಲ್ಲೂ ಅದೇ ಅಕ್ಷರ ಇದ್ದಿರಬಹುದು.

ಈಗ ಗೊಬ್ಬರಗುಂಡಿಗೆ ಬರೋಣ.

ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತಂದು ಕೊಟ್ಟಿಗೆಗೆ ಹಾಸುತ್ತೇವೆ. ದನ ತುಳಿದು, ಸಗಣಿ ಗಂಜಲ ಸೇರಿ, ಗುಂಡಿಗೆ ಬಿದ್ದು, ಕೊಳೆತು ತೋಟಕ್ಕೆ ಹೋಗುತ್ತದೆ. ತೋಟದ ಸೋಗೆ, ಹಾಳೆ ಮತ್ತೆ ಮನೆಗೆ. ಹೊರಗಿನಿಂದ ತರದೆ ಮನೆಯದ್ದನ್ನೇ ತಿರುಗಿಸಿ ಬಳಸುವುದು. ಜೀವಕೋಶವೂ ಹೀಗೇ. ಹಳೆಯ ಪ್ರೋಟೀನು, ಕೆಟ್ಟ ಮೈಟೋಕಾಂಡ್ರಿಯ, ಒಳಗೆ ನುಗ್ಗಿದ ಬ್ಯಾಕ್ಟೀರಿಯ ಎಲ್ಲವನ್ನೂ ಎರಡು ಪದರದ ಪೊರೆಯಲ್ಲಿ ಕಟ್ಟಿ, ಲೈಸೋಸೋಮ್ ಎಂಬ ಹುಳಿಗುಂಡಿಗೆ ಸುರಿದು, ಕರಗಿಸಿ, ಇಟ್ಟಿಗೆ ಇಟ್ಟಿಗೆಯಾಗಿ ವಾಪಸು ಪಡೆಯುತ್ತದೆ. ಲೈಸೋಸೋಮನ್ನು ಕಂಡುಹಿಡಿದ ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ 1963ರಲ್ಲಿ ಇದಕ್ಕೆ ಆಟೋಫಜಿ ಎಂದು ಹೆಸರಿಟ್ಟರು. ತನ್ನನ್ನು ತಾನೇ ತಿನ್ನುವುದು ಎಂದು ಅರ್ಥ.

ಹೆಸರು ಬಂದು ಮೂವತ್ತು ವರ್ಷವಾದರೂ ಅದನ್ನು ನಡೆಸುವ ಜೀನುಗಳು ಯಾವುವು ಎಂದು ಗೊತ್ತಿರಲಿಲ್ಲ. ಜಪಾನಿನ ಯೋಶಿನೋರಿ ಓಸುಮಿ ಮಾಡಿದ ಉಪಾಯವನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ, ಪ್ರತಿ ವರ್ಷ ಖುಷಿಯಾಗುತ್ತದೆ. ಅವರು ತೆಗೆದುಕೊಂಡದ್ದು ಬ್ರೆಡ್ ಉಬ್ಬಿಸುವ ಈಸ್ಟ್. ಅದರ ಗುಂಡಿಗೆ ಕಸ ಬಿದ್ದ ಕೂಡಲೇ ಕರಗಿಹೋಗುತ್ತದೆ, ನೋಡಲು ಏನೂ ಸಿಗುವುದಿಲ್ಲ. ಹಾಗಾಗಿ ಕರಗಿಸುವ ಕಿಣ್ವಗಳೇ ಇಲ್ಲದ ಈಸ್ಟ್ ತಗೊಂಡು ಅದನ್ನು ಉಪವಾಸ ಕೆಡವಿದರು. ಕೆಲವೇ ಗಂಟೆಯಲ್ಲಿ ಗುಂಡಿಯ ತುಂಬ ಸಣ್ಣ ಸಣ್ಣ ಗುಳ್ಳೆ, ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಕಾಣುವಷ್ಟು, ಕುದಿಯುವ ಅಂಬಲಿಯ ಹಾಗೆ ಕುಣಿಯುತ್ತ. ಯಾವ ಜೀನು ಕೆಡಿಸಿದರೆ ಗುಳ್ಳೆ ಬರುವುದಿಲ್ಲ ಎಂದು ಹುಡುಕಿ 1993ರಲ್ಲಿ 15 ಜೀನು ಹಿಡಿದರು. 2016ರ ನೊಬೆಲ್ ಈ ಕೆಲಸಕ್ಕೆ.

ಎರಡು ಖಾತೆಯೂ ಇಲ್ಲಿ ಕೂಡುತ್ತವೆ. ಕೋಶಕ್ಕೆ ಊಟ ಕಡಿಮೆಯಾದಾಗ ಟಿಎಫ್‌ಇಬಿ ಎಂಬ ಭಾಗವತ ಕೋಶಕೇಂದ್ರಕ್ಕೆ ಹೋಗಿ ಗುಂಡಿಗೆ ಸಂಬಂಧಪಟ್ಟ ಪದ್ಯಗಳನ್ನೆಲ್ಲ ಒಟ್ಟಿಗೆ ಎತ್ತುತ್ತಾನೆ. ಗುಂಡಿ ತೋಡುವುದೂ ಬುಟ್ಟಿ ಹೆಣೆಯುವುದೂ ಪುಸ್ತಕ ತೆರೆದರೆ ಮಾತ್ರ.

ಇಲ್ಲಿ ವೈರಸ್ ಏನು ಮಾಡುತ್ತದೆ ನೋಡಿ. ತೋಟದವರಿಗೆ ಇದು ಬೇಗ ಹಿಡಿಯುತ್ತದೆ. ಬೋರ್ಡೋ ದ್ರಾವಣ ಹೊಡೆಯುವ ರೂಢಿ ಬರುವ ಮೊದಲು ಕೊಳೆರೋಗಕ್ಕೆ ನಮ್ಮ ಹಿರಿಯರು ಅಡಿಕೆಯ ಕೊನೆಗೆ, ಅಂದರೆ ಗೊಂಚಲಿಗೆ, ಕೊಟ್ಟೆ ಎಂಬ ಹುಲ್ಲಿನ ಹೊದಿಕೆ ಕಟ್ಟುತ್ತಿದ್ದರು. ಮಳೆ ಹಿಡಿಯುವ ಮೊದಲೇ ಬೇಣದ ಕರಡದ ಹುಲ್ಲು ತಂದು ಹೆಣೆದು ಇಟ್ಟುಕೊಂಡು, ಕೊನೆಗೌಡ ಮರ ಹತ್ತಿ ಒಂದೊಂದೇ ಕೊನೆಗೆ ಕಟ್ಟಿ ಬರುತ್ತಿದ್ದ. ಹೊರಗೆ ಎಷ್ಟೇ ಹೊಯ್ಯಲಿ, ಒಳಗಿನ ಕಾಯಿ ಒಣಗಿರುತ್ತಿತ್ತು. ಕೊರೋನಾ ವೈರಸ್ ತನ್ನ ಆರ್‌ಎನ್‌ಎ ನಕಲು ಮಾಡುವ ಕೆಲಸಕ್ಕೆ ಇದೇ ಉಪಾಯ ಮಾಡುತ್ತದೆ. ಬಯಲಲ್ಲಿ ಕೂತು ನಕಲು ಮಾಡಿದರೆ ಕೋಶದ ಕಾವಲುಗಾರರಿಗೆ ಕಾಣುತ್ತದೆ, ಇಂಟರ್‌ಫೆರಾನ್ ಕೂಗು ಏಳುತ್ತದೆ. ಅದಕ್ಕೆ ಎನ್‌ಎಸ್‌ಪಿ3, ಎನ್‌ಎಸ್‌ಪಿ4 ಎಂಬ ಎರಡು ಪ್ರೋಟೀನು ಕೋಶದ ಒಳಪೊರೆಯನ್ನೇ ಜಗ್ಗಿ, ಬಗ್ಗಿಸಿ, ಎರಡು ಪದರದ ಕೊಟ್ಟೆಗಳನ್ನು ಮಾಡುತ್ತವೆ. ಒಂದೊಂದು ಕೊಟ್ಟೆಯ ಅಡ್ಡಳತೆ 200ರಿಂದ 300 ನ್ಯಾನೋಮೀಟರ್, ಒಂದು ಕೋಶದಲ್ಲಿ ನೂರಾರು. ಒಳಗೆ ಕೂತು ನಕಲು. ಎಲ್ಲ ಮುಚ್ಚಿದ್ದರೆ ನಕಲು ಹೊರಗೆ ಬರುವುದು ಹೇಗೆ ಎಂಬ ಗೊಂದಲ ಬಹಳ ಕಾಲ ಇತ್ತು. ಎರಡೂ ಪದರ ದಾಟುವ ಒಂದು ಸಣ್ಣ ರಂಧ್ರ ಇದೆ, ಅದರ ಬಾಯಿ ಕಿರೀಟದ ಆಕಾರ ಎಂದು 2020ರಲ್ಲಿ ಕಂಡರು. ಹೆಪ್ಪುಗಟ್ಟಿಸಿದ ಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನಾನಾ ಕೋನದಿಂದ ತೆಗೆದ ಚಿತ್ರ ಅದು. ಕೊರೋನಾ ಅಂದರೇ ಕಿರೀಟ: ಹೊರಗೂ ಕಿರೀಟ, ಒಳಗೂ ಕಿರೀಟ.

ಎರಡು ಪದರದ ಪೊರೆ ಎಂದಾಗ ಈಗಾಗಲೇ ಯಾರಿಗಾದರೂ ಹೊಳೆದಿರಬೇಕು. ಕಸ ಕಟ್ಟುವ ಬುಟ್ಟಿಯೂ ಎರಡು ಪದರದ್ದೇ. ಕೋಶ ತನ್ನ ಕಸದ ಬುಟ್ಟಿ ಹೆಣೆಯಲು ಇಟ್ಟುಕೊಂಡ ಕಚ್ಚಾಮಾಲನ್ನೇ ವೈರಸ್ ತನ್ನ ಕೊಟ್ಟೆಗೆ ಎತ್ತಿಕೊಳ್ಳುತ್ತದೆ. ಪೊರೆಯ ಕೊಬ್ಬನ್ನು ಒಂದು ಪದರದಿಂದ ಇನ್ನೊಂದು ಪದರಕ್ಕೆ ದಾಟಿಸುವ ಟಿಎಂಇಎಂ41ಬಿ ಎಂಬ ಪ್ರೋಟೀನು ಆಟೋಫಜಿಗೆ ಬೇಕು. ಆ ಜೀನನ್ನು ಕೆಡಿಸಿದ ಕೋಶಗಳಲ್ಲಿ ಕೊರೋನಾ ವೈರಸ್ ಬೆಳೆಯಲಿಲ್ಲ. ಕೋವಿಡ್‌ನದ್ದು ಮಾತ್ರವಲ್ಲ, ನೆಗಡಿ ತರುವ ಹಳೆಯ ಕೊರೋನಾಗಳೂ ಬೆಳೆಯಲಿಲ್ಲ.

ಬುಟ್ಟಿಯ ಸಾಮಾನು ಬೇಕು, ಗುಂಡಿ ಬೇಡ. ಬುಟ್ಟಿ ಹೋಗಿ ಗುಂಡಿಗೆ ಬಿದ್ದರೆ ವೈರಸ್ಸೂ ಗೊಬ್ಬರವಾಗುತ್ತದೆ. ಅದಕ್ಕೆ ಓಆರ್‌ಎಫ್3ಎ ಎಂಬ ಪ್ರೋಟೀನು ಬುಟ್ಟಿಯನ್ನೂ ಗುಂಡಿಯನ್ನೂ ಸೇರಿಸುವ ಕೊಕ್ಕೆಯ ಒಂದು ಭಾಗವನ್ನು ಹಿಡಿದು ಕೂರುತ್ತದೆ. ಬುಟ್ಟಿಗಳು ತುಂಬಿ ತುಂಬಿ ನಿಲ್ಲುತ್ತವೆ, ಸುರಿಯುವವರಿಲ್ಲ. 2003ರಲ್ಲಿ ಗದ್ದಲ ಎಬ್ಬಿಸಿದ ಮೊದಲ ಸಾರ್ಸ್ ವೈರಸ್ಸಿನ ಅದೇ ಹೆಸರಿನ ಪ್ರೋಟೀನಿಗೆ ಈ ಚಾಳಿ ಇರಲಿಲ್ಲ. ಓಆರ್‌ಎಫ್8 ಆಟೋಫಜಿಯನ್ನೇ ಬಳಸಿ, ಕೋಶ “ನನಗೆ ಸೋಂಕಾಗಿದೆ” ಎಂದು ಹೊರಗೆ ತೋರಿಸುವ ಬಾವುಟವನ್ನು ಗುಂಡಿಗೆ ಹಾಕಿಸುತ್ತದೆ. ಸಾಕ್ಷಿಯನ್ನೇ ಗೊಬ್ಬರ ಮಾಡಿದ ಹಾಗೆ. ಇಷ್ಟೆಲ್ಲ ಮಾಡಿ ತಯಾರಾದ ಮರಿ ವೈರಸ್ಸುಗಳು ಹೊರಗೆ ಹೋಗುವುದು ಯಾವ ದಾರಿಯಲ್ಲಿ? ಕೋಶದ ಮಾಮೂಲಿ ರಫ್ತಿನ ದಾರಿಯಲ್ಲಿ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅವು ಲೈಸೋಸೋಮಿನಲ್ಲೇ ಕೂತು ಹೊರಗೆ ಹೋಗುತ್ತವೆ, ಹೋಗುವ ಮೊದಲು ಅದರ ಹುಳಿ ಇಳಿದಿರುತ್ತದೆ ಎಂದು 2020ರಲ್ಲಿ ಗೊತ್ತಾಯಿತು. ಕಸದ ಗಾಡಿ ಹತ್ತಿ ಊರು ಬಿಟ್ಟವನನ್ನು ಚೆಕ್‌ಪೋಸ್ಟಿನಲ್ಲಿ ಯಾರು ಹಿಡಿಯುತ್ತಾರೆ!

ಔಷಧದ ಮಾತು ಒಂದಿಷ್ಟು. ಕೋವಿಡ್‌ನಲ್ಲಿ ಜೀವ ಉಳಿಸಿದ್ದು ಖಚಿತವಾಗಿ ಗೊತ್ತಾದ ಮೊದಲ ಔಷಧ ಡೆಕ್ಸಾಮೆಥಾಸೋನ್, ಕೆಲವೇ ರೂಪಾಯಿಯ ಹಳೆಯ ಸ್ಟೀರಾಯ್ಡ್. ಅದು ವೈರಸ್ಸನ್ನು ಮುಟ್ಟುವುದೇ ಇಲ್ಲ. ಕೋಶದೊಳಗೆ ಒಬ್ಬ ಭಾಗವತನ ಕೈ ಹಿಡಿದು ಕೋಶಕೇಂದ್ರಕ್ಕೆ ಹೋಗಿ ಉರಿಯೂತದ ಪದ್ಯಗಳನ್ನು ತಗ್ಗಿಸುತ್ತದೆ. ವಂಶವಾಹಿ ನಿಯಂತ್ರಣದ ಔಷಧ ಅದು. ರಿಕವರಿ ಪರೀಕ್ಷೆಯಲ್ಲಿ ವೆಂಟಿಲೇಟರ್ ಮೇಲಿದ್ದವರ ಸಾವು ಶೇ 41ರಿಂದ 29ಕ್ಕೆ ಇಳಿಯಿತು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26ರಿಂದ 23ಕ್ಕೆ. ಆಮ್ಲಜನಕ ಬೇಡದವರಲ್ಲಿ? 14 ಇದ್ದದ್ದು 18ರ ಹತ್ತಿರ ಬಂತು. ಆ ಕೊನೆಯ ಏರಿಕೆ ಲೆಕ್ಕದ ಏರುಪೇರಿನ ಒಳಗಿನದ್ದೇ ಇರಬಹುದು, ಆದರೆ ಉಪಯೋಗ ಅಂತೂ ಇಲ್ಲ. ಮೊದಲ ವಾರ ಕೂಗು ಏಳಬೇಕಾದ ಹೊತ್ತಿನಲ್ಲಿ ಬಾಯಿಗೆ ಬಟ್ಟೆ ತುರುಕಿದ ಹಾಗೆ. ನನ್ನ ತಮ್ಮ ಜ್ವರ ಬಂದ ಎರಡನೇ ದಿನವೇ, ಯಾರೋ ಕಳಿಸಿದ ಚೀಟಿಯ ಫೋಟೋ ನೋಡಿ, ಇದೇ ಮಾತ್ರೆ ತರಿಸಿ ನುಂಗಿದ್ದ. ದೊಡ್ಡಮ್ಮನಿಗೆ ಇದು ಗೊತ್ತಿಲ್ಲ. ನನಗೂ ಅವನು ಹೇಳಿದ್ದು ವರ್ಷದ ಮೇಲೆ, ಅಡಿಕೆ ಸುಲಿಯುತ್ತ ಕೂತಾಗ. ಅದರಿಂದಲೇ ಹೀಗಾಯಿತು ಎಂದು ನಾನು ಅವನಿಗೆ ಹೇಳಲಿಲ್ಲ, ಹೇಳಲೂ ಬರುವುದಿಲ್ಲ. ಒಂದೇ ಕಷಾಯ ಅಂದಿದ್ದರಲ್ಲ ದೊಡ್ಡಮ್ಮ, ಒಂದೇ ಆಗಿರಲಿಲ್ಲ, ಅಷ್ಟೇ.

ಇಲ್ಲಿಗೆ ಮಾತು ನಿಲ್ಲಿಸಿದೆ. ಪ್ರಶ್ನೆಗಳು ಬಂದವು.

ಮೊದಲು ಎದ್ದವರು ಮುಂದಿನ ಸಾಲಿನ ಹಿರಿಯರು. “ತಮ್ಮಾ, ಯಂಗೆ ಒಂದು ಡೌಟು ಇದ್ದು. ಏಕಾದಶಿ ಉಪವಾಸಕ್ಕೆ ಜಪಾನಿನವಂಗೆ ನೊಬೆಲ್ ಬಂತು ಹೇಳಿ ವಾಟ್ಸಾಪಿನಲ್ಲಿ ಬಂದಿತ್ತು. ನೀ ಹೇಳಿದ್ದು ಅದೇ ಅಲ್ದಾ?” ಸಭೆ ನಕ್ಕಿತು, ಅವರು ನಗಲಿಲ್ಲ. ಆಳು ಅದೇ, ಕಥೆ ಬೇರೆ ಎಂದೆ. ಉಪವಾಸ ಮಾಡಿದ್ದು ಈಸ್ಟು, ಓಸುಮಿ ಅಲ್ಲ. ನೊಬೆಲ್ ಬಂದದ್ದು ಬುಟ್ಟಿ ಹೆಣೆಯುವ ಜೀನುಗಳನ್ನು ಹಿಡಿದದ್ದಕ್ಕೆ. ಊಟ ಬಿಟ್ಟರೆ ಕೋಶದಲ್ಲಿ ಆಟೋಫಜಿ ಏರುವುದು ನಿಜ. ಏರಿದರೆ ಕೊರೋನಾಕ್ಕೆ ಪೆಟ್ಟು ಬೀಳುತ್ತದೆಯೇ? ಬುಟ್ಟಿ ಹೆಣೆಯುವ ಮೊದಲ ಅರ್ಧ ವೈರಸ್ಸಿಗೆ ಉಪಕಾರಿ, ಗುಂಡಿಗೆ ಸುರಿಯುವ ಎರಡನೇ ಅರ್ಧ ಅದಕ್ಕೆ ಅಪಾಯ. ವೈರಸ್ ಆ ಎರಡನೇ ಅರ್ಧಕ್ಕೇ ಅಗುಳಿ ಹಾಕಿ ಕೂತಿರುವಾಗ ಮೊದಲರ್ಧವನ್ನು ಜೋರು ಮಾಡಿದರೆ ಬುಟ್ಟಿ ಹೆಚ್ಚಾಗುತ್ತದೆ. ಏಕಾದಶಿಯನ್ನು ದೇವರಿಗಾಗಿ ಮಾಡಿ, ಜ್ವರ ಬಂದಾಗ ಗಂಜಿ ಉಣ್ಣಿ ಎಂದೆ. “ಅಡ್ಡಿಲ್ಲೆ” ಎಂದು ಕೂತರು. ಒಪ್ಪಿದ್ದೋ ಬಿಟ್ಟಿದ್ದೋ ತಿಳಿಯಲಿಲ್ಲ.

ಒಬ್ಬ ಕಾಲೇಜು ಹುಡುಗ, ಹಾಗಾದರೆ ಇಂಟರ್‌ಫೆರಾನನ್ನೇ ಇಂಜೆಕ್ಷನ್ ಕೊಡಬಹುದಿತ್ತಲ್ಲ ಎಂದು ಕೇಳಿದ. ಕೊಟ್ಟು ನೋಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಪರೀಕ್ಷೆಯಲ್ಲಿ ಆಸ್ಪತ್ರೆ ಸೇರಿದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಕೂಗಿನ ಕಾಲ ಮುಗಿದಿರುತ್ತದೆ.

ಕೊನೆಯ ಪ್ರಶ್ನೆ ಸಿದ್ದಾಪುರದ ಕಡೆಯ ಒಬ್ಬ ಆಶಾ ಕಾರ್ಯಕರ್ತೆಯದು. ಮಧ್ಯದಲ್ಲಿ ಮಂಗನ ಕಾಯಿಲೆಯ ಮಾತು ಮತ್ತೆ ಬರುತ್ತದೆ ಅಂದವರು ಬರಿಸಲೇ ಇಲ್ಲವಲ್ಲ ಸರ್ ಎಂದರು. ನಿಜಕ್ಕೂ ಮರೆತಿದ್ದೆ. ಟಿಎಂಇಎಂ41ಬಿ ಎಂದೆನಲ್ಲ, ಆ ಜೀನು ಇಲ್ಲದ ಕೋಶದಲ್ಲಿ ಝೀಕಾ, ಹಳದಿ ಜ್ವರದ ವೈರಸ್ಸುಗಳೂ ಬೆಳೆಯುವುದಿಲ್ಲ. ಅವು ಫ್ಲೇವಿವೈರಸ್ ಕುಲದವು. ಮಂಗನ ಕಾಯಿಲೆಯ ವೈರಸ್ಸೂ ಅದೇ ಕುಲದ್ದು, ಅದೂ ಕೋಶದ ಒಳಪೊರೆಯನ್ನು ಬಗ್ಗಿಸಿಕೊಂಡೇ ನಕಲು ಮಾಡುವ ಜಾತಿ. ಕೋಶದ ಕಡೆಯ ಇಂಥ ಒಂದು ಕೀಲು ಸಿಕ್ಕರೆ ಎರಡು ಬೇರೆ ಬೇರೆ ಕುಲದ ವೈರಸ್ಸುಗಳಿಗೆ ಒಂದೇ ಕಡೆ ಅಡ್ಡಗಟ್ಟಬಹುದು ಎಂಬ ಆಸೆ ಇದೆ, ಅದಕ್ಕೇ ಆ ಜೀನಿನ ಮೇಲೆ ಇಷ್ಟು ಕಣ್ಣು. ಆದರೆ ಅದು ನಮ್ಮ ಕೋಶಕ್ಕೂ ಬೇಕಾದ ಕೀಲು, ಸುಮ್ಮನೆ ಕಿತ್ತು ಹಾಕಲು ಬರುವುದಿಲ್ಲ. ಈಗಿರುವುದು ಪ್ರಯೋಗಾಲಯದ ಕೋಶಗಳಲ್ಲಿ, ಮಾತ್ರೆಯಾಗಿ ಅಲ್ಲ.

“ಅಂದ್ರೆ ಈ ವರ್ಷನೂ ಕಾಡಿಗೆ ಹೋಗೋರಿಗೆ, ರೋಗ ಹರಡೋ ಉಣ್ಣಿ ಹತ್ತದ ಹಾಗೆ ಹಚ್ಚೋ ಡೆಪಾ ಎಣ್ಣೆನೇ ಹಂಚೋದು” ಅಂದರು.

ಹೌದು ಅಂದೆ. ಮೊಣಕಾಲಿನ ತನಕ ಸರಿಯಾಗಿ ಹಚ್ಚಿಕೊಳ್ಳಲು ಹೇಳಿ ಎಂದೂ ಸೇರಿಸಿದೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೊನೆಯ ಬಸ್ಸಿಗೆ ಹೊತ್ತಾಯಿತು ಎಂದು ಚೀಲ ಎತ್ತಿಕೊಂಡು ಹೊರಟರು.